‘ಇದನ್ನ ಮೊದಲು ಹೇಳಿದ್ದು ಯಾರು?’: ಯಹೂದಿ ದ್ವೇಷದ ಪಿತೂರಿ ಕಥೆಯೊಂದು ತರಗತಿಗೆ ಬಂದಾಗ

ಒಂಬತ್ತನೇ ತರಗತಿ, ಇತಿಹಾಸದ ಪೀರಿಯಡ್. ನೆಪೋಲಿಯನ್ ಪಾಠ ಮುಗಿಯುತ್ತಾ ಬಂದಿತ್ತು. ಮೇಡಂ ಬೋರ್ಡಿನ ಮೇಲೆ ‘ವಾಟರ್ಲೂ, ಜೂನ್ 18, 1815’ ಎಂದು ಬರೆದು ಈ ಕಡೆ ತಿರುಗುವಷ್ಟರಲ್ಲಿ ಒಬ್ಬ ಹುಡುಗ ಕೈ ಎತ್ತಿದ್ದ.

“ಮೇಡಂ, ಆ ಯುದ್ಧದಲ್ಲಿ ನಿಜವಾಗಿ ಗೆದ್ದಿದ್ದು ರಾಥ್‌ಚೈಲ್ಡ್ ಅಲ್ವಾ? ಯುದ್ಧಭೂಮಿಯಲ್ಲೇ ನಿಂತು ನೋಡ್ಕೊಂಡು, ಎಲ್ಲರಿಗಿಂತ ಮೊದಲು ಲಂಡನ್‌ಗೆ ಹೋಗಿ, ಷೇರು ಮಾರ್ಕೆಟ್ಟನ್ನೇ ಕೊಂಡ್ಕೊಂಡ. ಈಗ್ಲೂ ಜಗತ್ತಿನ ಬ್ಯಾಂಕೆಲ್ಲ ಯಹೂದಿಗಳ ಕೈಲೇ ಇದೆ. ಇದನ್ನ ಪುಸ್ತಕದಲ್ಲಿ ಯಾಕೆ ಹಾಕಲ್ಲ?”

ರಾಥ್‌ಚೈಲ್ಡ್ ಅಂದರೆ ಆ ಕಾಲದ ಯುರೋಪಿನ ಹೆಸರಾಂತ ಯಹೂದಿ ಬ್ಯಾಂಕರ್ ಮನೆತನ. ಹುಡುಗನ ಮಾತಿಗೆ ಮೂರ್ನಾಲ್ಕು ಜನ ತಲೆಯಾಡಿಸಿದರು. ಅವರೂ ಅದೇ ವಿಡಿಯೊ ನೋಡಿದ್ದರು. ಒಂದು ನಿಮಿಷವೂ ಇಲ್ಲದ ವಿಡಿಯೊ. ಹಳೆಯ ಚಿತ್ರ, ಎದೆ ನಡುಗಿಸುವ ಸಂಗೀತ, ಕೊನೆಗೆ ಭೂಗೋಳವನ್ನು ಅಪ್ಪಿಕೊಂಡ ಆಕ್ಟೋಪಸ್.

ಶಾಲೆಗೆ ಇಲ್ಲಿ ಹೆಸರು ಬೇಡ. ಮೊಬೈಲ್ ಇರುವ ಯಾವ ಮಗುವಾದರೂ ಕೇಳಬಹುದಾದ ಪ್ರಶ್ನೆ ಅದು. ನಾನು ಅದೇ ಶಾಲೆಯಲ್ಲಿ ಭಾಷೆ ಕಲಿಸುವವನು. ಮೇಡಂ ಮುಂದೆ ಇದನ್ನು ಹೇಗೆ ನಿಭಾಯಿಸಿದರು ಅನ್ನುವುದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ.

ಆ ದಿನ ಅವರು ಹೇಳಿದ್ದು ಇಷ್ಟೇ: “ಒಂದು ಇಡೀ ಸಮುದಾಯದ ಬಗ್ಗೆ ಹೀಗೆ ಮಾತಾಡೋದು ದ್ವೇಷದ ಮಾತು. ಇಲ್ಲಿ ಬೇಡ.” ತರಗತಿ ಸುಮ್ಮನಾಯಿತು. ಆದರೆ ಊಟದ ಬಿಡುವಿನಲ್ಲಿ ಆ ಹುಡುಗನ ಸುತ್ತ ಗುಂಪು ಸೇರಿತ್ತು. “ನೋಡಿದ್ಯಾ, ಅವರ ಹತ್ರ ಉತ್ತರ ಇಲ್ಲ” ಅನ್ನುವ ಮಾತು ನನ್ನ ಕಿವಿಗೂ ಬಿತ್ತು.

ಮೇಡಂ ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ತರಗತಿಯಲ್ಲಿ ಯಹೂದಿ ಮಗುವೊಂದು ಇದ್ದು, ತಾನು ಯಾರೆಂದು ಯಾರಿಗೂ ಹೇಳದೆ ಕೂತಿರಬಹುದು. ಆ ಮಗುವಿಗಾಗಿಯಾದರೂ ಗೆರೆಯನ್ನು ಆ ಕ್ಷಣವೇ ಎಳೆಯಬೇಕು. ಆದರೆ ಗೆರೆ ಎಳೆದಷ್ಟಕ್ಕೆ ಪ್ರಶ್ನೆ ಸಾಯುವುದಿಲ್ಲ, ಬಿಡುವಿನ ವೇಳೆಗೆ ಜಾರಿಕೊಳ್ಳುತ್ತದೆ. ಆ ಹುಡುಗನಲ್ಲಿ ನನಗೆ ದ್ವೇಷ ಕಾಣಲಿಲ್ಲ, ಹೆಮ್ಮೆ ಕಂಡಿತು. ದೊಡ್ಡವರು ಬಚ್ಚಿಟ್ಟ ಗುಟ್ಟು ತನಗೆ ಸಿಕ್ಕಿದೆ ಅನ್ನುವ ಹೆಮ್ಮೆ. ಪಿತೂರಿ ಕಥೆಗಳು ಮಕ್ಕಳಿಗೆ ಮೊದಲು ಕೊಡುವುದೇ ಅದನ್ನು. ಯಾರನ್ನು ದ್ವೇಷಿಸಬೇಕು ಅನ್ನುವುದು ಆಮೇಲೆ ಬರುತ್ತದೆ. ಹಾಗಾಗಿ ಬಾಯಿ ಮುಚ್ಚಿಸಿದರೆ ಗುಟ್ಟಿನ ಬೆಲೆ ಜಾಸ್ತಿಯಾಗುತ್ತದೆ ಅಷ್ಟೆ.

ಸ್ಟಾಫ್ ರೂಮಿನಲ್ಲಿ ಸಲಹೆಗಳಿಗೇನೂ ಬರವಿರಲಿಲ್ಲ. ಒಬ್ಬರು ‘ಸುಳ್ಳು ಒಂದು ಕಡೆ, ನಿಜ ಒಂದು ಕಡೆ ಹಾಕಿ ಒಂದು ಹಾಳೆ ಪ್ರಿಂಟ್ ಕೊಟ್ಟುಬಿಡಿ’ ಅಂದರು. ಇನ್ನೊಬ್ಬರು ಚರ್ಚಾ ಸ್ಪರ್ಧೆ ಇಡೋಣ ಅಂದರು, ಪರ ಒಂದು ತಂಡ, ವಿರೋಧ ಒಂದು ತಂಡ. ಮೇಡಂ ಎರಡನೆಯದನ್ನು ಅಲ್ಲೇ ತಳ್ಳಿಹಾಕಿದರು. ಕೆಲವು ವಿಷಯಗಳಿಗೆ ಎರಡು ಮಗ್ಗುಲು ಇರುವುದಿಲ್ಲ. ಚರ್ಚೆಗಿಟ್ಟರೆ ಸುಳ್ಳಿಗೂ ಸತ್ಯದ ಪಕ್ಕದಲ್ಲೇ ಕುರ್ಚಿ ಹಾಕಿಕೊಟ್ಟಂತೆ. ಜೊತೆಗೆ ಒಂದಿಷ್ಟು ಮಕ್ಕಳು ಒಂದು ವಾರ ಕೂತು ಆ ಸುಳ್ಳಿಗೆ ಒಳ್ಳೊಳ್ಳೆ ವಾದ ಹುಡುಕುತ್ತಾರೆ. ಹಾಳೆಯ ಸಲಹೆಯನ್ನು ಮಾತ್ರ ಇಟ್ಟುಕೊಂಡರು. ಅದು ಕೈಕೊಟ್ಟಿದ್ದು ಹೇಗೆ ಅನ್ನುವುದು ಮುಂದೆ ಬರುತ್ತದೆ.

ಮುಂದಿನ ಪೀರಿಯಡ್ಡಿನಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಯಹೂದಿಗಳು ಅಂದಕೂಡಲೇ ನೆನಪಾಗುವ ಮೂರು ಪದ ಬರೆಯಲು ಹೇಳಿದರು. ಹೆಸರು ಬರೆಯಬೇಕಾಗಿರಲಿಲ್ಲ. ಬಂದಿದ್ದು ಬಹುಪಾಲು ಇವೇ: ಹಿಟ್ಲರ್, ಇಸ್ರೇಲ್, ದುಡ್ಡು. ಹಲವು ಚೀಟಿಗಳಲ್ಲಿ ಒಂದೇ ಪದ ಇತ್ತು, ಕೆಲವು ಖಾಲಿ. ನೆರೆಹೊರೆ, ಹಬ್ಬ, ಹಾಡು, ಅಡುಗೆ ಯಾವುದೂ ಇರಲಿಲ್ಲ. ಮಕ್ಕಳ ತಲೆಯಲ್ಲಿ ಯಹೂದಿ ಅಂದರೆ ಸತ್ತವನು, ಇಲ್ಲವೇ ಸಾಹುಕಾರ, ಇಲ್ಲವೇ ಒಂದು ಸರ್ಕಾರ. ಮನುಷ್ಯ ಮಾತ್ರ ಅಲ್ಲಿರಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಈ ಚೀಟಿಗಳೇ. ಜಾಗ ಹಾಗೆ ಖಾಲಿ ಬಿದ್ದಿದ್ದರಿಂದಲೇ ಒಂದು ನಿಮಿಷದ ವಿಡಿಯೊ ಬಂದು ಆರಾಮಾಗಿ ಕೂತುಬಿಟ್ಟಿತ್ತು.

ಹಾಗಾಗಿ ಒಂದು ಪೀರಿಯಡ್ ಪೂರ್ತಿ ಸುಳ್ಳಿನ ಮಾತೇ ಎತ್ತದೆ ಹೋಯಿತು. ಜಗತ್ತಿನಲ್ಲಿ ಯಹೂದಿಗಳ ಸಂಖ್ಯೆ ಸುಮಾರು ಒಂದೂವರೆ ಕೋಟಿ. ಅಂದರೆ ಒಟ್ಟು ಜನಸಂಖ್ಯೆಯ ಶೇ. 0.2ರಷ್ಟು. ಶುಕ್ರವಾರ ಸಂಜೆ ಶುರುವಾಗಿ ಶನಿವಾರ ಕತ್ತಲಾಗುವವರೆಗೆ ನಡೆಯುವ ಸಬ್ಬತ್ ವಿಶ್ರಾಂತಿ. ಪೂರ್ವ ಯುರೋಪಿನಲ್ಲಿ ಯಿಡ್ಡಿಷ್ ಭಾಷೆ, ಸ್ಪೇನಿನಿಂದ ಹೊರಬಿದ್ದವರ ಮನೆಗಳಲ್ಲಿ ಲಡಿನೊ. 19ನೇ ಶತಮಾನದ ಪೂರ್ವ ಯುರೋಪಿನ ಯಹೂದಿಗಳಲ್ಲಿ ಹೆಚ್ಚಿನವರು ದರ್ಜಿಗಳು, ಚಮ್ಮಾರರು, ಸಣ್ಣ ವ್ಯಾಪಾರಿಗಳು. ಬಡತನವೇ ಜಾಸ್ತಿ.

“ಹಾಗಿದ್ರೆ ದುಡ್ಡಿನ ಕಥೆ ಎಲ್ಲಿಂದ ಬಂತು?” ಎಂದು ಒಬ್ಬಳು ಕೇಳಿದಳು. ಅದಕ್ಕೂ ಇತಿಹಾಸದಲ್ಲಿ ಉತ್ತರವಿದೆ. ಮಧ್ಯಯುಗದ ಯುರೋಪಿನ ಅನೇಕ ಕಡೆ ಯಹೂದಿಗಳು ಜಮೀನು ಇಟ್ಟುಕೊಳ್ಳುವಂತಿರಲಿಲ್ಲ. ಕುಶಲಕರ್ಮಿಗಳ ಸಂಘಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಬಡ್ಡಿಗೆ ಸಾಲ ಕೊಡಬಾರದೆಂದು ಚರ್ಚು ಕ್ರೈಸ್ತರಿಗೆ ಕಟ್ಟುಪಾಡು ಹಾಕಿತ್ತು. ಸಾಲ ಮಾತ್ರ ಎಲ್ಲರಿಗೂ ಬೇಕಿತ್ತು. ಹೀಗೆ ಕೆಲವು ಯಹೂದಿಗಳು ಆ ಕಸುಬಿಗೆ ಬಂದರು. ಅವರ ಗಳಿಕೆಯ ಮೇಲೆ ರಾಜರು ತೆರಿಗೆ ಹಿಂಡಿದರು, ಬೇಡವಾದಾಗ ಓಡಿಸಿದರು. ಇಂಗ್ಲೆಂಡಿನ ಒಂದನೇ ಎಡ್ವರ್ಡ್ 1290ರಲ್ಲಿ ಎಲ್ಲ ಯಹೂದಿಗಳನ್ನೂ ದೇಶ ಬಿಡಿಸಿದ.

ಆಮೇಲೆ ವಾಟರ್ಲೂ ಹಾಳೆ. ಮೊದಲ ಸಾಲು: ಲಂಡನ್ನಿನಲ್ಲಿ ಆ ಮನೆತನದ ಬ್ಯಾಂಕ್ ನಡೆಸುತ್ತಿದ್ದ ನೇಥನ್ ರಾಥ್‌ಚೈಲ್ಡ್ ಆ ದಿನ ಯುದ್ಧಭೂಮಿಯಲ್ಲಿ ಇರಲಿಲ್ಲ. ಎರಡನೆಯದು: ಯುದ್ಧಕ್ಕೆಂದು ಚಿನ್ನ ಕೂಡಿಟ್ಟಿದ್ದ ಆ ಮನೆತನಕ್ಕೆ ಯುದ್ಧ ಬೇಗ ಮುಗಿದದ್ದು ತೊಂದರೆಯನ್ನೇ ತಂದಿತು ಅನ್ನುತ್ತಾರೆ ಅವರ ಇತಿಹಾಸ ಬರೆದ ನಯಲ್ ಫರ್ಗುಸನ್. ಹುಡುಗ ಎಲ್ಲ ಓದಿದ. ಒಂದು ಕ್ಷಣ ಯೋಚಿಸಿದ. “ಸರಿ ಮೇಡಂ, ಆಗ ಇರ್ಲಿಲ್ಲ ಅಂತ್ಲೇ ಇಟ್ಕೊಳ್ಳಿ. ಈಗ?”

ಹಾಳೆ ಸೋತದ್ದು ಅಲ್ಲಿ. ಒಂದು ಮಾತನ್ನು ಸುಳ್ಳು ಅಂತ ತೋರಿಸಿದರೆ ಕಥೆ ಪಕ್ಕದ ಮನೆಗೆ ಹೋಗಿ ಕೂರುತ್ತದೆ. ಬ್ಯಾಂಕು ಅಲ್ಲದಿದ್ದರೆ ಮಾಧ್ಯಮ, ಅದೂ ಅಲ್ಲದಿದ್ದರೆ ಲಸಿಕೆ. ಒಂದೊಂದಕ್ಕೂ ಬೆನ್ನು ಹತ್ತಿ ಹೋದರೆ ವರ್ಷವೆಲ್ಲ ಅದೇ ಕೆಲಸ.

ಮೇಡಂ ಆ ‘ಈಗ?’ಗೆ ಉತ್ತರ ಕೊಡಲು ಹೋಗಲಿಲ್ಲ. ತಿರುಗಿ ಒಂದು ಪ್ರಶ್ನೆ ಹಾಕಿದರು: “ಈ ಕಥೆಯನ್ನ ಮೊದಲು ಹೇಳಿದ್ದು ಯಾರು? ಯಾವಾಗ?”

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಲ್ಲ ಅನ್ನುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ. ಉತ್ತರ ಇದು: 1846ರಲ್ಲಿ, ಫ್ರಾನ್ಸಿನಲ್ಲಿ, ಜಾರ್ಜ್ ಡೈರ್ನ್‌ವೆಲ್ ಎಂಬಾತ ‘ಸೈತಾನ’ ಅನ್ನುವ ಗುಪ್ತನಾಮದಲ್ಲಿ ಅಚ್ಚು ಹಾಕಿಸಿದ ಒಂದು ಕಿರುಹೊತ್ತಗೆ ಈ ಕಥೆಯನ್ನು ಊರೂರಿಗೆ ಹರಡಿತು. ಯುದ್ಧ ನಡೆದು ಆಗಲೇ 31 ವರ್ಷ. ನೇಥನ್ ತೀರಿಕೊಂಡು ಹತ್ತು ವರ್ಷ. ಎದುರು ಹೇಳಲು ಆತ ಬದುಕಿರಲಿಲ್ಲ. ಮುಂದೆ 1940ರಲ್ಲಿ ನಾಜಿಗಳು ಇದೇ ಕಥೆಯನ್ನು ಸಿನಿಮಾ ಮಾಡಿದರು. ಹುಡುಗನ ಮೊಬೈಲಿಗೆ ಬಂದದ್ದು ಇದರ ತುಂಡು.

ಈ ಸಲ ಹುಡುಗ ಮಾತಾಡಲಿಲ್ಲ, ನೋಟ್ ಪುಸ್ತಕದಲ್ಲಿ ಇಸವಿ ಬರೆದುಕೊಂಡ. ಅವನ ಹೆಮ್ಮೆಗೆ ಪೆಟ್ಟು ಬಿದ್ದಿರಲಿಲ್ಲ ಅನ್ನುವುದನ್ನು ಗಮನಿಸಬೇಕು. ಗುಟ್ಟು ಕಂಡುಹಿಡಿಯುವ ಆಸೆ ಹಾಗೇ ಇತ್ತು, ಹುಡುಕುವ ಕಡೆ ಮಾತ್ರ ಬದಲಾಗಿತ್ತು. ಈಗ ಗುಟ್ಟು ಅಂದರೆ ‘ಈ ಕಥೆ ಕಟ್ಟಿದವನು ಯಾರು’ ಅನ್ನುವುದು.

ಮುಂದಿನ ತರಗತಿಯೇ ಇಡೀ ಪ್ರಯತ್ನದ ತಿರುಳು. ಮೇಡಂ ಎರಡು ಸಣ್ಣ ತುಂಡುಗಳನ್ನು ಅಕ್ಕಪಕ್ಕ ಅಚ್ಚು ಹಾಕಿಸಿ ತಂದಿದ್ದರು. ಪುಸ್ತಕದ ಹೆಸರಿಲ್ಲ, ಇಸವಿಯಿಲ್ಲ. ಎಡಗಡೆಯ ತುಂಡಿನಲ್ಲಿ ಒಬ್ಬ ಹೇಳುತ್ತಾನೆ: ನನ್ನ ಪತ್ರಿಕೆಗಳಿಗೆ ವಿಷ್ಣು ದೇವರ ಹಾಗೆ ನೂರು ಕೈ, ಆ ಕೈಗಳು ದೇಶದಲ್ಲಿರುವ ಬಗೆಬಗೆಯ ಅಭಿಪ್ರಾಯಗಳಿಗೆಲ್ಲ ಕೈ ಚಾಚುತ್ತವೆ. ಬಲಗಡೆಯ ತುಂಡಿನಲ್ಲಿ: ನಮ್ಮ ಪತ್ರಿಕೆಗಳಿಗೆ ವಿಷ್ಣುವಿನ ಹಾಗೆ ನೂರು ಕೈ, ಒಂದೊಂದು ಕೈಯ ಬೆರಳೂ ಒಂದೊಂದು ಅಭಿಪ್ರಾಯದ ಮೇಲೆ ಇರುತ್ತದೆ.

“ವಿಷ್ಣುಗೆ ನಾಲ್ಕೇ ಕೈ ಅಲ್ವಾ ಮೇಡಂ?” ಎಂದು ಹಿಂದಿನಿಂದ ಒಬ್ಬ ಕೂಗಿದ. ತರಗತಿಯೆಲ್ಲ ನಕ್ಕಿತು. ಮೇಡಂಗೆ ಬೇಕಿದ್ದುದೂ ಅದೇ. ಪರೀಕ್ಷೆಯಲ್ಲಿ ಕಾಪಿ ಹೊಡೆದವರು ಸಿಕ್ಕಿಬೀಳುವುದು ಇಬ್ಬರ ತಪ್ಪೂ ಒಂದೇ ಆಗಿದ್ದಾಗ. ಸರಿ ಉತ್ತರ ಯಾರದ್ದಾದರೂ ಒಂದೇ ಇರಬಹುದು. ನೂರು ಕೈಯ ವಿಷ್ಣು ಇಬ್ಬರು ಬೇರೆಬೇರೆ ಜನರ ತಲೆಯಲ್ಲಿ, ಅದೂ ಪತ್ರಿಕೆಗಳ ವಿಷಯ ಬಂದ ಜಾಗದಲ್ಲೇ ಹುಟ್ಟುವುದು ಹೇಗೆ?

ಆಮೇಲೆ ಹೆಸರು ಬಿಚ್ಚಿದರು. ಎಡಗಡೆಯದು ಮಾರಿಸ್ ಜೋಲಿ ಎಂಬ ಫ್ರೆಂಚ್ ವಕೀಲ 1864ರಲ್ಲಿ ಬರೆದ ವಿಡಂಬನೆ. ಅದರಲ್ಲಿ ಮಾತಾಡುವವನು ಇಟಲಿಯ ಹಳೆಯ ರಾಜನೀತಿ ಲೇಖಕ ಮೆಕಿಯವೆಲಿ, ಗುರಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್. ಯಹೂದಿಗಳ ಸುದ್ದಿಯೇ ಇಲ್ಲ. ಅದನ್ನು ಬರೆದದ್ದಕ್ಕೆ ಜೋಲಿ ಜೈಲಿಗೆ ಹೋದ. ಬಲಗಡೆಯದು ‘ಜಿಯಾನ್ ಹಿರಿಯರ ಪ್ರೋಟೋಕಾಲ್‌ಗಳು’. ಜಗತ್ತನ್ನು ಹಿಡಿತಕ್ಕೆ ತೆಗೆದುಕೊಳ್ಳಲು ಯಹೂದಿ ಮುಖಂಡರು ಗುಟ್ಟಾಗಿ ಸೇರಿ ಮಾಡಿದ ಯೋಜನೆ ಎಂದು ಹೇಳಿಕೊಂಡು 1903ರಲ್ಲಿ ರಷ್ಯದ ಒಂದು ಪತ್ರಿಕೆಯಲ್ಲಿ ಬಂದ ಬರಹ. ಅದರ ಐದರಲ್ಲಿ ಎರಡು ಪಾಲಿನಷ್ಟು ಜೋಲಿಯಿಂದ ಎತ್ತಿದ್ದು. ಇದನ್ನು 1921ರ ಆಗಸ್ಟಿನಲ್ಲಿ ಬಯಲಿಗೆ ತಂದವರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಕಾನ್‌ಸ್ಟಾಂಟಿನೋಪಲ್ ವರದಿಗಾರ ಫಿಲಿಪ್ ಗ್ರೇವ್ಸ್. ಅವರು ಮಾಡಿದ್ದೂ ಇದನ್ನೇ, ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ್ದು.

ಪ್ರೋಟೋಕಾಲ್‌ಗಳನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಪಾವೆಲ್ ಕ್ರುಶೆವಾನ್. ಈತನ ಇನ್ನೊಂದು ಪತ್ರಿಕೆ ಅದೇ ವರ್ಷ, ಯಹೂದಿಗಳು ಪೂಜೆಗಾಗಿ ಕ್ರೈಸ್ತ ಹುಡುಗನನ್ನು ಕೊಂದರು ಎಂಬ ಸುಳ್ಳನ್ನು ಹಬ್ಬಿಸಿತ್ತು. ಆ ಹುಡುಗನನ್ನು ಕೊಂದಿದ್ದು ಅವನ ನೆಂಟನೇ. ಅಷ್ಟರೊಳಗೆ 1903ರ ಏಪ್ರಿಲ್‌ನಲ್ಲಿ ಆಗಿನ ರಷ್ಯ ಸಾಮ್ರಾಜ್ಯದ ಕಿಶಿನೆವ್ ನಗರದಲ್ಲಿ ಗುಂಪುಗಳು ಯಹೂದಿಗಳ ಮನೆಗೆ ನುಗ್ಗಿ 49 ಜನರನ್ನು ಕೊಂದಿದ್ದವು. ಪ್ರೋಟೋಕಾಲ್‌ಗಳು ಬಂದದ್ದು ಅದಾದ ಕೆಲವೇ ತಿಂಗಳಿಗೆ. ಇದನ್ನು ಹೇಳುವಾಗ ಮೇಡಂ ದನಿ ಏರಿಸಲಿಲ್ಲ. ದಿನಾಂಕಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆದರು, ಅಷ್ಟೆ. ‘ಸುಮ್ನೆ ಒಂದು ವಿಡಿಯೊ ತಾನೇ’ ಅನ್ನುವ ಮಾತು ಅಲ್ಲಿಂದಾಚೆ ಬರಲಿಲ್ಲ.

ಒಂದು ಪ್ರಶ್ನೆ ನನಗೂ ಇಷ್ಟವಾಯಿತು: “1921ರಲ್ಲೇ ಸುಳ್ಳು ಅಂತ ಗೊತ್ತಾಯ್ತಲ್ಲ, ಆಮೇಲೂ ಜನ ಯಾಕೆ ನಂಬಿದ್ರು?” ಅಮೆರಿಕದ ಕಾರು ಉದ್ಯಮಿ ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ಈ ಸರಕನ್ನು ವರ್ಷಗಟ್ಟಲೆ ಹಂಚಿ 1927ರಲ್ಲಿ ಕ್ಷಮೆ ಕೇಳಿದ. ಸ್ವಿಟ್ಜರ್‌ಲೆಂಡಿನ ಬರ್ನ್ ನ್ಯಾಯಾಲಯ 1935ರಲ್ಲಿ ಇದು ನಕಲಿ ಎಂದಿತು. ಆದರೂ ನಾಜಿ ಜರ್ಮನಿಯ ಕೆಲವು ಶಾಲೆಗಳಲ್ಲಿ ಇದನ್ನೇ ಮಕ್ಕಳಿಗೆ ಪಾಠ ಮಾಡಿದರು. ಇದಕ್ಕೆ ಹಿಟ್ಲರ್ ಮೊದಲೇ ದಾರಿ ಮಾಡಿಕೊಂಡಿದ್ದ. ಒಂದು ಪತ್ರಿಕೆ ಇದು ನಕಲಿ, ನಕಲಿ ಎಂದು ಬೊಬ್ಬೆ ಹಾಕುತ್ತಿರುವುದೇ ಇದು ಅಸಲಿ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಎಂದು ತನ್ನ ಪುಸ್ತಕದಲ್ಲಿ ಬರೆದಿದ್ದ. ಮೇಡಂ ಇದನ್ನು ಓದಿ, “ಈಗ ನಾನು ಯಾವ ಸಾಕ್ಷಿ ತಂದರೆ ಇವನು ಒಪ್ಪುತ್ತಾನೆ, ಹೇಳಿ ನೋಡೋಣ” ಅಂದರು. ಮಕ್ಕಳು ಒಂದಿಷ್ಟು ಹೊತ್ತು ತಲೆ ಕೆಡಿಸಿಕೊಂಡು ಕೊನೆಗೆ ಕೈ ಚೆಲ್ಲಿದರು. ಸಾಕ್ಷಿ ಇದ್ದರೂ ಸಾಕ್ಷಿ, ಇಲ್ಲದಿದ್ದರೂ ಸಾಕ್ಷಿ.

ಇಲ್ಲಿಂದ ಕಥೆಯ ಅಚ್ಚು ಮಕ್ಕಳಿಗೆ ಕಾಣತೊಡಗಿತು. ಯಾವುದೋ ದೊಡ್ಡ ಕೇಡು ಆಗಿರುತ್ತದೆ, ಜನ ಹೆದರಿರುತ್ತಾರೆ. ಅದರ ಹಿಂದೆ ಒಂದೇ ಗುಂಪು, ಗುಟ್ಟಾಗಿ, ಎಲ್ಲವನ್ನೂ ಆಡಿಸುತ್ತಿದೆ ಅನ್ನುತ್ತಾರೆ. 1348ರಲ್ಲಿ ಯುರೋಪಿನಲ್ಲಿ ಪ್ಲೇಗ್ ಹಬ್ಬಿದಾಗ ಯಹೂದಿಗಳು ಬಾವಿಗೆ ವಿಷ ಹಾಕಿದರು ಎಂಬ ಗುಲ್ಲು ಎದ್ದಿತು. ಪ್ಲೇಗಿಗೆ ಯಹೂದಿಗಳೂ ಸಾಯುತ್ತಿದ್ದಾರೆ, ಅವರೇ ಇಲ್ಲದ ಊರುಗಳಲ್ಲೂ ರೋಗ ಇದೆ ಎಂದು ಪೋಪ್ ಆರನೇ ಕ್ಲೆಮೆಂಟ್ ಆಗಲೇ ಹೇಳಿದ್ದರು. ಯಾರೂ ಕಿವಿಗೊಡಲಿಲ್ಲ. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯಹೂದಿಗಳನ್ನು ಸುಟ್ಟರು. ಆ ಊರಿಗೆ ಪ್ಲೇಗ್ ಇನ್ನೂ ಕಾಲಿಟ್ಟಿರಲಿಲ್ಲ. ಸತ್ತವರಿಗೆ ಊರವರು ಕೊಡಬೇಕಿದ್ದ ಸಾಲ ಮಾತ್ರ ವಜಾ ಆಯಿತು.

2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೇ ‘ನಾಲ್ಕು ಸಾವಿರ ಯಹೂದಿಗಳು ಆ ದಿನ ಕೆಲಸಕ್ಕೆ ಹೋಗಲಿಲ್ಲ’ ಎಂಬ ಸುಳ್ಳು ಬಂದಿತು. ಇದನ್ನು ಮಕ್ಕಳೇ ಬಿಡಿಸಲಿ ಅಂತ ಕೊಟ್ಟರು. ದಾಳಿ ನಡೆದ ಪ್ರದೇಶಗಳಲ್ಲಿ ಇದ್ದಿರಬಹುದಾದ ಸುಮಾರು 4000 ಇಸ್ರೇಲಿಗಳ ಹೆಸರು ಇಸ್ರೇಲಿನ ವಿದೇಶಾಂಗ ಇಲಾಖೆಗೆ ಬಂದಿದೆ ಎಂದು ಒಂದು ಪತ್ರಿಕೆ ವರದಿ ಮಾಡಿತ್ತು. ಅಂದರೆ ಅದು ಆತಂಕದ ಪಟ್ಟಿ. ಕೆಲವೇ ದಿನಗಳಲ್ಲಿ ಲೆಬನಾನಿನ ಅಲ್ ಮನಾರ್ ಟಿವಿ ಅದೇ ಅಂಕಿಯನ್ನು ತಲೆಕೆಳಗೆ ಮಾಡಿ ‘ಮೊದಲೇ ಗೊತ್ತಿದ್ದವರ’ ಪಟ್ಟಿ ಮಾಡಿತು. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡಗಳಲ್ಲಿ ಸತ್ತವರಲ್ಲಿ ನೂರಾರು ಯಹೂದಿಗಳಿದ್ದರು. ಅಂಕಿ ನಿಜವಾಗಿದ್ದರೆ ಸಾಕೆಂದು ಇಷ್ಟು ದಿನ ನಂಬಿದ್ದ ಮಕ್ಕಳಿಗೆ ಇದು ಸ್ವಲ್ಪ ಗಲಿಬಿಲಿ ಮಾಡಿತು.

ಏನನ್ನು ಮಾಡಲಿಲ್ಲ ಅನ್ನುವುದೂ ಮುಖ್ಯ. ಹಳೆಯ ವ್ಯಂಗ್ಯಚಿತ್ರಗಳನ್ನು ಪರದೆ ಮೇಲೆ ತೋರಿಸಲಿಲ್ಲ, ಅಂಥ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ, ವಿವರಣೆ ಉಳಿಯುವುದಿಲ್ಲ. ಪ್ರೋಟೋಕಾಲ್‌ಗಳನ್ನು ಓದಿಕೊಂಡು ಬನ್ನಿ ಎನ್ನಲಿಲ್ಲ. ಮನೆಯಲ್ಲಿ ನೆಟ್‌ನಲ್ಲಿ ಹುಡುಕಿ ಎಂದೂ ಹೇಳಲಿಲ್ಲ. ಒಂದು ಹುಡುಕಾಟಕ್ಕೆ ಹತ್ತು ವಿಡಿಯೊ ಹಿಂದೆ ಬೀಳುತ್ತವೆ.

ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. ಕೆಲವು ಮಕ್ಕಳಿಗೆ ಈಗ ಎಲ್ಲವೂ ಪಿತೂರಿ ಕಥೆಯಾಗಿ ಕಾಣತೊಡಗಿತು. ಪತ್ರಿಕೆಯಲ್ಲಿ ಹಗರಣದ ಸುದ್ದಿ ಬಂದರೆ “ಇದೂ ಅಂಥದ್ದೇ” ಅಂದುಬಿಡುತ್ತಿದ್ದರು. ಏನನ್ನೂ ನಂಬದಿರುವುದನ್ನೇ ಜಾಣತನ ಅಂದುಕೊಂಡಿದ್ದರು. ನನ್ನ ಪ್ರಕಾರ ಇದು ಮೊದಲಿನ ರೋಗದಷ್ಟೇ ಕೆಟ್ಟದ್ದು, ಮತ್ತು ಇಂಥ ಪಾಠಗಳನ್ನು ಅವಸರದಲ್ಲಿ ಮಾಡಿದ ಕಡೆಯೆಲ್ಲ ಬರುವಂಥದ್ದು. ಅದಕ್ಕಾಗಿ ಮೇಡಂ ಅಮೆರಿಕದ ವಾಟರ್‌ಗೇಟ್ ಹಗರಣ ಎತ್ತಿಕೊಂಡರು. ಅದು ನಿಜವಾದ ಪಿತೂರಿ. 1972ರ ಜೂನ್‌ನಲ್ಲಿ ವಿರೋಧ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. 1974ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟರು. ಅಲ್ಲಿದ್ದವರಿಗೆ ಹೆಸರಿತ್ತು, ಹುದ್ದೆಯಿತ್ತು. ಟೇಪು ಸಿಕ್ಕಿತು, ಸಾಕ್ಷಿಗಳು ಬಾಯಿಬಿಟ್ಟರು, ನ್ಯಾಯಾಲಯ ತೀರ್ಪು ಕೊಟ್ಟಿತು. ಕೆಲವೇ ಜನ, ಒಂದೇ ಉದ್ದೇಶ, ಆದರೂ ಹೆಚ್ಚು ಕಾಲ ಮುಚ್ಚಿಡಲಾಗಲಿಲ್ಲ. ಸಾವಿರಾರು ವರ್ಷ, ಲಕ್ಷಾಂತರ ಜನ, ಒಬ್ಬನೂ ಬಾಯಿಬಿಡದ ಪಿತೂರಿ ಅಂದರೆ ಏನರ್ಥ ಎಂದು ಮಕ್ಕಳೇ ಹೇಳಿದರು.

ಇಸ್ರೇಲ್ ವಿಷಯ ಬಂದೇ ಬರುತ್ತದೆ, ಬಂತು. “ಇಸ್ರೇಲ್ ಸರ್ಕಾರನ ಬೈದ್ರೆ ಅದೂ ಯಹೂದಿ ದ್ವೇಷಾನಾ?” ಅಲ್ಲ ಎಂದು ಮೇಡಂ ಸುತ್ತು ಬಳಸದೆ ಹೇಳಿದರು. ಯಾವ ದೇಶದ ಸರ್ಕಾರವನ್ನಾದರೂ, ಸೇನೆಯನ್ನಾದರೂ ಟೀಕಿಸಬಹುದು, ಅಲ್ಲಿ ಸತ್ತವರಿಗಾಗಿ ಸಿಟ್ಟಾಗಬಹುದು. ಯಾವ ಸರ್ಕಾರ, ಯಾವ ನಿರ್ಧಾರ, ಯಾರ ಆದೇಶ ಎಂದು ಬೊಟ್ಟು ಮಾಡಲು ಬರಬೇಕು. ಆ ಬೆರಳು ಜಾರಿ ‘ಅವರು’ ಎಲ್ಲ ದೇಶಗಳನ್ನೂ ಒಳಗಿಂದ ಆಡಿಸುತ್ತಾರೆ ಅನ್ನುವ ಕಡೆ ಹೋದರೆ, ಅಲ್ಲಿ ಮಾತಾಡುತ್ತಿರುವುದು 1903ರ ಪತ್ರಿಕೆ. ಈ ಉತ್ತರಕ್ಕೆ ಇಬ್ಬರು ಪೋಷಕರಿಂದ ಫೋನ್ ಬಂದಿತು. ಒಬ್ಬರಿಗೆ ಇದು ಇಸ್ರೇಲ್ ಪರ ಅನ್ನಿಸಿತ್ತು, ಇನ್ನೊಬ್ಬರಿಗೆ ವಿರೋಧ. ಇಬ್ಬರಿಗೂ ಮುಖ್ಯೋಪಾಧ್ಯಾಯರು ಪಾಠದ ಹಾಳೆಗಳನ್ನೇ ಕಳಿಸಿಕೊಟ್ಟರು.

ಕೊನೆಯ ಪರೀಕ್ಷೆಯಲ್ಲಿ ಯಹೂದಿಗಳ ಹೆಸರೇ ಇರಲಿಲ್ಲ. ಎಡಗೈಯವರು ಗುಟ್ಟಾಗಿ ಸೇರಿ ಜಗತ್ತಿನ ಕತ್ತರಿ ಕಾರ್ಖಾನೆಗಳನ್ನೆಲ್ಲ ಹಿಡಿದಿಟ್ಟುಕೊಂಡಿದ್ದಾರೆ ಅನ್ನುವ ಕಥೆಯೊಂದನ್ನು ಮೇಡಂ ಕಟ್ಟಿ ಕೊಟ್ಟಿದ್ದರು, ಅಚ್ಚು ಎಲ್ಲೆಲ್ಲಿ ಕಾಣುತ್ತದೆ ಗುರುತಿಸಿ ಎಂದು. ಏನು ಸಾಕ್ಷಿ ಕೊಟ್ಟರೂ ಒಪ್ಪದ ಕಥೆ ಇದು ಎಂದು ಹೆಚ್ಚಿನವರು ಹಿಡಿದರು. ಮೊದಲು ಹೇಳಿದವನು ಯಾರು, ಅವನಿಗೇನು ಲಾಭ ಎಂದು ಕೇಳಿದವರು ಕಡಿಮೆ. ವಾಟರ್ಲೂ ಹುಡುಗ ಕೇಳಿದ್ದ.

ಅವನು ಪೂರ್ತಿ ಬದಲಾದ ಅನ್ನಲಾರೆ. ಅಣ್ಣ ಕಳಿಸಿದ ಇನ್ನೊಂದು ವಿಡಿಯೊ ಹಿಡಿದುಕೊಂಡು ಮತ್ತೆ ಬಂದ. ಮೇಡಂ ಅವನ ಜೊತೆ ಶಾಲೆಯ ಕಂಪ್ಯೂಟರ್ ಮುಂದೆ ಕೂತರು. ಆ ವಿಡಿಯೊ ನೋಡುವುದನ್ನು ಬಿಟ್ಟು, ಅದನ್ನು ಹಾಕಿದ ಚಾನೆಲ್ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ ಎಂದು ಹುಡುಕುವುದನ್ನು ತೋರಿಸಿದರು. ಅಣ್ಣ ಶಾಲೆ ಬಿಟ್ಟು ವರ್ಷಗಳಾಗಿವೆ, ಅವನಿಗೆ ಈ ಪಾಠ ತಲುಪುವುದು ತಮ್ಮನ ಮೂಲಕವೇ, ತಲುಪಿದರೆ.

ಮುಂದಿನ ವರ್ಷಕ್ಕೆ ಮೇಡಂ ಪಾಠದ ಕ್ರಮ ಬದಲಿಸಿದ್ದಾರೆ. ಚೀಟಿ, ಸಬ್ಬತ್, ದರ್ಜಿಗಳ ಪಾಠ ವರ್ಷದ ಶುರುವಿಗೇ ಬರುತ್ತದೆ, ನೆಪೋಲಿಯನ್‌ಗಿಂತ ಬಹಳ ಮೊದಲು, ಯಾರೂ ಏನೂ ಕೇಳುವ ಮುಂಚೆ. ಸುಳ್ಳು–ನಿಜದ ಹಾಳೆಯನ್ನು ಕೈಬಿಟ್ಟಿದ್ದಾರೆ. ವಾಟರ್‌ಗೇಟ್‌ಗೆ ಒಂದು ಪೀರಿಯಡ್ ಸಾಲಲಿಲ್ಲ, ಎರಡು ಬೇಕು ಎಂದು ಟೈಮ್‌ಟೇಬಲ್ ಮಾಡುವವರ ಹಿಂದೆ ಬಿದ್ದಿದ್ದಾರೆ.